ಮನೆಯಲ್ಲೇ ಸ್ಯಾನಿಟೈಸರ್ ಮಾಡಬಹುದಾ? 12 ಜನ ಆಶಾ ಕಾರ್ಯಕರ್ತೆಯರಿಗೆ ಬೇಕು

ಮುಳಬಾಗಿಲಿನವ | 18 ಮಾರ್ಚ್ 2020, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿ ಆಶಾ ಕಾರ್ಯಕರ್ತೆ. ಕಲಬುರಗಿಯಲ್ಲಿ ತೀರಿಕೊಂಡವರಿಗೆ ಕೊರೊನಾ ಇತ್ತು ಅಂತ 12ನೇ ತಾರೀಕು ಗೊತ್ತಾದ ಮೇಲೆ ಇವರಿಗೆಲ್ಲ ಮನೆಮನೆ ಸುತ್ತುವ ಕೆಲಸ ಶುರುವಾಗಿದೆ. ಹೊರಗಿನಿಂದ ಯಾರು ಬಂದಿದ್ದಾರೆ, ಜ್ವರ ಕೆಮ್ಮು ಇದೆಯಾ ಅಂತ ಬರೆದುಕೊಳ್ಳಬೇಕು. ದಿನಕ್ಕೆ 40-50 ಮನೆ. ಪ್ರತಿ ಮನೆಯಲ್ಲೂ ಗೇಟು, ಚಿಲಕ, ಅವರು ಕೊಡುವ ಆಧಾರ್ ಕಾರ್ಡು ಮುಟ್ಟಲೇಬೇಕು.

ಇವರಿಗೆ ಕೊಟ್ಟಿದ್ದ 100 ಎಂ.ಎಲ್. ಸ್ಯಾನಿಟೈಸರ್ ಬಾಟಲಿ ನಾಲ್ಕೇ ದಿನಕ್ಕೆ ಖಾಲಿ. ನಿನ್ನೆ ಆರು ಮೆಡಿಕಲ್ ಸ್ಟೋರ್ ಸುತ್ತಿದೆ. ಐದು ಕಡೆ ಇಲ್ಲ ಅಂದರು. ಒಂದು ಕಡೆ 50 ಎಂ.ಎಲ್.ಗೆ 180 ರೂಪಾಯಿ ಹೇಳಿದರು.

ವಾಟ್ಸಾಪ್‌ನಲ್ಲಿ ಒಂದು ವಿಧಾನ ಬಂದಿದೆ. ಎರಡು ಪಾಲು ಸ್ಪಿರಿಟ್, ಒಂದು ಪಾಲು ಲೋಳೆಸರದ ತಿರುಳು, ವಾಸನೆಗೆ ನಿಂಬೆ ಎಣ್ಣೆ. ಲೋಳೆಸರ ನಮ್ಮ ಹಿತ್ತಲಲ್ಲಿ ಬೇಕಾದಷ್ಟಿದೆ. ಭಾವನ ಬಡಗಿ ಶೆಡ್ಡಿನಲ್ಲಿ ಬಾಗಿಲಿಗೆ ಪಾಲಿಶ್ ಹಾಕಲು ತಂದ ಐದು ಲೀಟರ್ ಸ್ಪಿರಿಟ್ ಕ್ಯಾನ್ ಇದೆ. ಅದರಲ್ಲೇ ಮಾಡಿಬಿಡೋಣ ಅಂತಿದ್ದೇನೆ. ಇವಳ ಜೊತೆ ಕೆಲಸ ಮಾಡುವ 12 ಜನಕ್ಕೂ ಕೊಡಬಹುದು. ಗೊತ್ತಿದ್ದವರು ಹೇಳಿ.

ಲ್ಯಾಬ್ ಮೇಷ್ಟ್ರು | ರಾತ್ರಿ 9:52

ಆ ಪಾಲಿಶ್ ಸ್ಪಿರಿಟ್ ಮುಟ್ಟಬೇಡಿ. ಊಟ ಮಾಡಿ ಬಂದು ವಿವರ ಬರೆಯುತ್ತೇನೆ. ಅಲ್ಲಿವರೆಗೆ ಏನೂ ಬೆರೆಸಬೇಡಿ.

ಸೋಪಿನ ಪಕ್ಷ | ರಾತ್ರಿ 9:58

ಸ್ಯಾನಿಟೈಸರ್ ಯಾಕೆ ಬೇಕು? ಸೋಪು, ನೀರು, 20 ಸೆಕೆಂಡು. ಮುಗೀತು. ಸುಮ್ನೆ ಎಲ್ಲರೂ ಗಾಬರಿಯಾಗಿ ಅಂಗಡಿ ಖಾಲಿ ಮಾಡುತ್ತಿದ್ದಾರೆ.

ಮುಳಬಾಗಿಲಿನವ | ರಾತ್ರಿ 10:03

ಅಣ್ಣ, ನೀರು ಎಲ್ಲಿದೆ? ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಬೇರೆಯವರ ಮನೆ ಬಾಗಿಲಲ್ಲಿ ನಿಂತು 50 ಸಲ "ಅಮ್ಮಾ, ಕೈಗೆ ಒಂದು ಚೊಂಬು ನೀರು ಹಾಕಿ" ಅಂತ ಕೇಳಕ್ಕಾಗುತ್ತಾ? ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರು ಹಾಕುತ್ತಾರಾ?

ಲ್ಯಾಬ್ ಮೇಷ್ಟ್ರು | ರಾತ್ರಿ 10:35

ಬಂದೆ. ನಾನು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನು.

ಪಾಲಿಶ್‌ಗೆ, ಬಣ್ಣಕ್ಕೆ ಮಾರುವ ಸ್ಪಿರಿಟ್ ಕುಡಿಯುವುದಕ್ಕೆ ಆಗಬಾರದು ಅಂತಲೇ ಕೆಡಿಸಿದ ಮಾಲು. ಬಹಳ ಸಲ ಅದರಲ್ಲಿ ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಇರುತ್ತದೆ. ಎಷ್ಟು ಅಂತ ಕ್ಯಾನಿನ ಮೇಲೆ ಬರೆದಿರುವುದಿಲ್ಲ. ಮೆಥನಾಲ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ದಿನಕ್ಕೆ 50 ಸಲ ಉಜ್ಜಿಕೊಂಡರೆ ಹುಡುಗಾಟ ಅಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಸಿಡ್ ಆಗುತ್ತದೆ, ಕಣ್ಣಿನ ನರಕ್ಕೆ ಹೊಡೆಯುತ್ತದೆ. ವಾಸನೆಯಿಂದ ಯಾವುದು ಸ್ಯಾನಿಟೈಸರ್‌ಗೆ ಆಗುವ ಎಥನಾಲ್, ಯಾವುದು ಮೆಥನಾಲ್ ಅಂತ ನನಗೂ ಹೇಳಕ್ಕಾಗಲ್ಲ.

ಇನ್ನು ವಾಟ್ಸಾಪ್ ಲೆಕ್ಕ. ಮೆಡಿಕಲ್‌ನಲ್ಲಿ ಸಿಗುವ ಶೇ. 70ರ ಸ್ಪಿರಿಟ್ಟನ್ನೇ ತಂದಿರಿ ಅಂತಿಟ್ಟುಕೊಳ್ಳಿ. ಎರಡು ಲೋಟ ಸ್ಪಿರಿಟ್‌ಗೆ ಒಂದು ಲೋಟ ಲೋಳೆಸರ ಹಾಕಿದಿರಿ. ಈಗ ಮೂರು ಲೋಟದಲ್ಲಿ ಆಲ್ಕೋಹಾಲ್ ಎಷ್ಟು? ಶೇ. 47 ಕೂಡ ಇಲ್ಲ. ಕೈಗೆ ಹಾಕುವುದರಲ್ಲಿ ಕಡಿಮೆ ಅಂದರೂ ಶೇ. 60 ಇರಬೇಕು. ಘಮ ಬರುತ್ತದೆ, ತಣ್ಣಗಾಗುತ್ತದೆ, ಕೈ ಶುದ್ಧವಾಯಿತು ಅನ್ನಿಸುತ್ತದೆ. ಆದರೆ ವೈರಸ್ ಹಾಗೇ ಇರಬಹುದು. ನನಗೆ ಹೆದರಿಕೆ ಇರುವುದು ಇಲ್ಲೇ. ಏನೂ ಹಚ್ಚದೆ ಇದ್ದರೆ ನಿಮ್ಮ ಮನೆಯವರು ಹುಷಾರಾಗಿರುತ್ತಾರೆ. ಇದನ್ನು ಹಚ್ಚಿಕೊಂಡರೆ ಧೈರ್ಯವಾಗಿ ಮುಖ ಮುಟ್ಟಿಕೊಳ್ಳುತ್ತಾರೆ.

ಆನೇಕಲ್ ಅಕ್ಕ | ರಾತ್ರಿ 10:50

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. 2008ರ ಮೇ ತಿಂಗಳು ಮರೆತಿರಾ? ನಮ್ಮ ಆನೇಕಲ್, ನಿಮ್ಮ ಕೋಲಾರ, ಆಚೆ ಕೃಷ್ಣಗಿರಿ. ಮೆಥನಾಲ್ ಬೆರೆಸಿದ ಕಳ್ಳ ಸಾರಾಯಿ ಕುಡಿದು 150ಕ್ಕೂ ಜಾಸ್ತಿ ಜನ ಹೋದರು. ನಮ್ಮ ಬೀದಿಯಲ್ಲೇ ಇಬ್ಬರು. ಬದುಕಿ ಉಳಿದ ಒಬ್ಬರಿಗೆ ಇವತ್ತಿಗೂ ಕಣ್ಣು ಕಾಣಲ್ಲ, ಮಗಳು ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ. ಆ ಕ್ಯಾನ್ ಶೆಡ್ಡಿನಲ್ಲೇ ಇರಲಿ ತಮ್ಮಾ.

ಹಳೇ ಬೆಂಗಳೂರು | ರಾತ್ರಿ 10:58

1981ರಲ್ಲಿ ಬೆಂಗಳೂರಲ್ಲೂ ಇದೇ ಮೆಥನಾಲ್. 300ಕ್ಕೂ ಜಾಸ್ತಿ ಜನ ಸತ್ತರು. ನಾನಾಗ ಹೈಸ್ಕೂಲು.

ದಾವಣಗೆರೆ ಬೆಣ್ಣೆ | ರಾತ್ರಿ 11:04

2007ರಲ್ಲಿ ಸಾರಾಯಿ ನಿಷೇಧ ಮಾಡಿದ್ದಕ್ಕೇ 2008ರಲ್ಲಿ ಹಾಗಾಯಿತು. ಪ್ಯಾಕೆಟ್ ಸಾರಾಯಿ ಇದ್ದಿದ್ದರೆ ಬಡವರು ಕಳ್ಳ ಮಾಲು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಆನೇಕಲ್ ಅಕ್ಕ | ರಾತ್ರಿ 11:09

1981ರಲ್ಲಿ ನಿಷೇಧ ಇತ್ತೇನಪ್ಪಾ? ಸಾರಾಯಿ ಇದ್ದಾಗ ನಮ್ಮ ಮನೆಗಳು ಹೇಗಿದ್ದವು ಅಂತ ಹೆಂಗಸರನ್ನು ಕೇಳು. ಈ ಮಾತು ಇಲ್ಲಿ ಬೇಡ.

ಬೇವಿನ ಕಟ್ಟೆ | 19 ಮಾರ್ಚ್, ಬೆಳಗ್ಗೆ 6:15

ಇಷ್ಟೆಲ್ಲ ಕೆಮಿಕಲ್ ಯಾಕೆ? ಯುಗಾದಿಗೆ ಇನ್ನು ಆರು ದಿನ, ಬೇವು ಎಲ್ಲ ಕಡೆ ಚಿಗುರಿದೆ. ಬೇವಿನ ಸೊಪ್ಪು, ಅರಿಶಿನ, ಚೂರು ಪಚ್ಚ ಕರ್ಪೂರ ಹಾಕಿ ಕುದಿಸಿ ಸೋಸಿ ಇಟ್ಟುಕೊಳ್ಳಿ. ನಮ್ಮಜ್ಜಿ ಸಿಡುಬು ಬಂದ ಮನೆಗೆಲ್ಲ ಇದನ್ನೇ ಚಿಮುಕಿಸುತ್ತಿದ್ದರು.

ಲ್ಯಾಬ್ ಮೇಷ್ಟ್ರು | ಬೆಳಗ್ಗೆ 7:30

ಬೇವಿನ ಮೇಲೆ ನನಗೂ ಗೌರವ ಇದೆ. ಆದರೆ ಆ ಕಷಾಯ ಅರ್ಧ ನಿಮಿಷದಲ್ಲಿ ಈ ವೈರಸ್ಸನ್ನು ಕೊಲ್ಲುತ್ತದೆ ಅಂತ ಯಾರೂ ತೋರಿಸಿಲ್ಲ. ಜೊತೆಗೆ ಎರಡು ದಿನ ಇಟ್ಟರೆ ಹಳಸುತ್ತದೆ. ಹಳಸಿದ ನೀರನ್ನು ಕೈಗೆ ಹಾಕಿಕೊಂಡು ಬಾಣಂತಿ ಮನೆಗೆ ಹೋಗಬೇಕಾ? ಬೇವಿನ ಸೋಪು ತಂದರೆ ಎರಡೂ ಆಯಿತು, ಬೇವೂ ಆಯಿತು, ಸೋಪೂ ಆಯಿತು.

ಎಡಿಸನ್ ಕನ್ನಡತಿ | ಬೆಳಗ್ಗೆ 8:02

ನಾನು ನ್ಯೂ ಜೆರ್ಸಿಯಲ್ಲಿದ್ದೇನೆ. ಇಲ್ಲೂ ಅಂಗಡಿಯಲ್ಲಿ ಕಪಾಟು ಖಾಲಿ. ಜನ ವೋಡ್ಕಾದಿಂದ ಮಾಡಲು ಹೊರಟಿದ್ದರು. ಕೊನೆಗೆ ಟಿಟೋಸ್ ಅನ್ನುವ ವೋಡ್ಕಾ ಕಂಪನಿಯವರೇ ಟ್ವಿಟರ್‌ನಲ್ಲಿ, ನಮ್ಮದರಲ್ಲಿ ಶೇ. 40 ಮಾತ್ರ ಆಲ್ಕೋಹಾಲ್, ಕೈಗೆ ಇದು ಸಾಲದು ಅಂತ ಹೇಳಬೇಕಾಯಿತು.

ದಾವಣಗೆರೆ ಬೆಣ್ಣೆ | ಬೆಳಗ್ಗೆ 8:10

ನಮ್ಮ ರಮ್ಮು ವಿಸ್ಕಿ ಬಾಟಲಿ ಮೇಲೂ 42.8 ಅಂತಲೇ ಇರುತ್ತದೆ. ಅದೂ ಆಗಲ್ಲ ಹಾಗಾದರೆ.

ಪುಟ್ಟಗೌರಿ | ಬೆಳಗ್ಗೆ 8:31

ಒಂದು ಅನುಮಾನ. 40 ಸಾಲದು, ಕಡಿಮೆ ಅಂದರೂ 60 ಬೇಕು ಅಂದರೆ 100 ಇನ್ನೂ ಒಳ್ಳೆಯದಲ್ವಾ? ಹಾಗೇ ಹಾಕಿಕೊಂಡರೆ ಆಯಿತು, ಬೆರೆಸುವ ಕೆಲಸವೇ ಇಲ್ಲ.

ಲ್ಯಾಬ್ ಮೇಷ್ಟ್ರು | ಬೆಳಗ್ಗೆ 8:50

ಒಳ್ಳೆ ಪ್ರಶ್ನೆ. ಇಲ್ಲ. ರೋಗಾಣುವಿನ ಪ್ರೋಟೀನು ಕೆಡಬೇಕಾದರೆ ಜೊತೆಗೆ ಸ್ವಲ್ಪ ನೀರೂ ಬೇಕು. ಶುದ್ಧ ಆಲ್ಕೋಹಾಲ್ ಕೈಯಿಂದ ಬೇಗ ಹಾರಿಯೂ ಹೋಗುತ್ತದೆ, ಕೆಲಸ ಮಾಡಲು ಸಮಯ ಸಿಗಲ್ಲ. ಚರ್ಮವೂ ಒಡೆಯುತ್ತದೆ.

ಎಸ್.ಪಿ. ರೋಡ್ ರಿಪೇರಿ | ಬೆಳಗ್ಗೆ 10:20

ನಾನು ಮೊಬೈಲ್ ಬೋರ್ಡ್ ರಿಪೇರಿ ಮಾಡುವವನು. ನಾವು ಬೋರ್ಡ್ ತೊಳೆಯಲು ಐಪಿಎ ಬಳಸುತ್ತೇವೆ, ಐಸೊಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದು ಆಗುತ್ತಾ ಮೇಷ್ಟ್ರೇ? ನನ್ನ ಹತ್ತಿರ ಸೀಲ್ ಒಡೆಯದ ಎರಡು ಲೀಟರ್ ಇದೆ, ಕೊಡುತ್ತೇನೆ.

ಲ್ಯಾಬ್ ಮೇಷ್ಟ್ರು | ಬೆಳಗ್ಗೆ 11:15

ಆಗುತ್ತದೆ, ಆದರೆ ಲೇಬಲ್ ನೋಡಬೇಕು. ಕಂಪನಿ ಸೀಲ್ ಇರಬೇಕು, 99ಕ್ಕಿಂತ ಮೇಲೆ ಶುದ್ಧ ಅಂತ ಬರೆದಿರಬೇಕು. ಬಿಡಿಯಾಗಿ ಕ್ಯಾನಿನಿಂದ ಸುರಿದು ಕೊಟ್ಟಿದ್ದು ಬೇಡವೇ ಬೇಡ. ನಿಮ್ಮ ಬಾಟಲಿಯ ಫೋಟೋ ಹಾಕಿ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೇಳುತ್ತೇನೆ. ಇದು ಆಸ್ಪತ್ರೆ, ಲ್ಯಾಬುಗಳಲ್ಲಿ ಮಾಡಿಕೊಳ್ಳಲಿ ಅಂತ ಕೊಟ್ಟಿದ್ದು, ಅಡುಗೆಮನೆಗಲ್ಲ. ಒಂದು ಲೀಟರಿಗೆ ಇಳಿಸಿದರೆ, 99.8ರ ಐಪಿಎ 751 ಎಂ.ಎಲ್., ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 42 ಎಂ.ಎಲ್., ಗ್ಲಿಸರಿನ್ 14.5 ಎಂ.ಎಲ್. ಉಳಿದಿದ್ದಕ್ಕೆ ಕುದಿಸಿ ಆರಿಸಿದ ನೀರು ಸೇರಿಸಿ ಸರಿಯಾಗಿ ಒಂದು ಲೀಟರ್ ಮಾಡುವುದು. ಮುಚ್ಚಿ 72 ಗಂಟೆ ಇಡಬೇಕು.

ಇದರಲ್ಲಿ ಲೋಳೆಸರ ಇಲ್ಲ, ನಿಂಬೆ ಎಣ್ಣೆ ಇಲ್ಲ. ನೀರಿನ ಹಾಗೆ ತೆಳ್ಳಗಿರುತ್ತದೆ, ಜೆಲ್ ಆಗಲ್ಲ. ತೆಳ್ಳಗಿದೆ ಅಂತ ಅನುಮಾನ ಪಡಬೇಡಿ. ಅಳತೆಗೆ ಲೋಟ, ಚಮಚ ಬೇಡ. ಗೆರೆ ಇರುವ ಅಳತೆ ಜಾರ್ ಬೇಕು.

ಔಷಧಿ ಅಂಗಡಿಯವ | ಮಧ್ಯಾಹ್ನ 1:05

ಮೇಷ್ಟ್ರೇ, ಒಂದು ತಿದ್ದುಪಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಪೆರಾಕ್ಸೈಡ್ ಬಾಟಲಿ ಹೆಚ್ಚಾಗಿ ಶೇ. 6ರದ್ದು. ಮೇಲೆ "20 ವಾಲ್ಯೂಮ್" ಅಂತ ಬರೆದಿರುತ್ತದೆ. ಅದನ್ನು 42 ಹಾಕಿದರೆ ಎರಡರಷ್ಟಾಯಿತು. 21 ಎಂ.ಎಲ್. ಸಾಕು.

ಇನ್ನೊಂದು ಮಾತು. ಎಲ್ಲ ಅಂಗಡಿಯವರನ್ನೂ ಕಳ್ಳರ ಹಾಗೆ ನೋಡಬೇಡಿ. ಸ್ಟಾಕಿಸ್ಟ್ ಹತ್ತಿರ ಹತ್ತು ಬಾಕ್ಸ್ ಕೇಳಿದರೆ ಒಂದು ಕೊಡುತ್ತಾರೆ, ಅದನ್ನೂ ಮೊದಲಿನ ರೇಟಿಗೆ ಕೊಡಲ್ಲ. ನಾನು ಒಬ್ಬರಿಗೆ ಒಂದೇ ಬಾಟಲಿ ಅಂತ ಬೋರ್ಡ್ ಹಾಕಿದ್ದೇನೆ. ನಿನ್ನೆ ಒಬ್ಬರು ಕಾರಿನಲ್ಲಿ ಬಂದು ಇಪ್ಪತ್ತು ಕೇಳಿದರು. ಕೊಡಲ್ಲ ಅಂದಿದ್ದಕ್ಕೆ ಬೈದು ಹೋದರು.

ಲ್ಯಾಬ್ ಮೇಷ್ಟ್ರು | ಮಧ್ಯಾಹ್ನ 1:20

ಸರಿಯಾಗಿ ಹಿಡಿದಿರಿ. ನಮ್ಮ ಲ್ಯಾಬಿನಲ್ಲಿ ಮೊದಲೇ ತಿಳಿಯಾಗಿಸಿ ಇಡುತ್ತೇವೆ, ಆ ಅಭ್ಯಾಸದಲ್ಲಿ ಬರೆದುಬಿಟ್ಟೆ. ಎಲ್ಲರೂ ಈ ತಿದ್ದುಪಡಿ ನೋಡಿಕೊಳ್ಳಿ.

ಪುಟ್ಟಗೌರಿ | ಮಧ್ಯಾಹ್ನ 1:44

72 ಗಂಟೆ ಯಾಕೆ? ಅಷ್ಟರಲ್ಲಿ ಹುದುಗು ಬರುತ್ತಾ?

ಲ್ಯಾಬ್ ಮೇಷ್ಟ್ರು | ಮಧ್ಯಾಹ್ನ 2:00

ಹುದುಗಲ್ಲ. ಬಾಟಲಿಯಲ್ಲೋ ನೀರಿನಲ್ಲೋ ಕೆಲವು ಬ್ಯಾಕ್ಟೀರಿಯಾದ ಬೀಜಕಗಳು ಉಳಿದಿರಬಹುದು. ಆಲ್ಕೋಹಾಲಿಗೆ ಅವು ಸಾಯಲ್ಲ. ಅವನ್ನು ಕೊಲ್ಲಲಿಕ್ಕೇ ಆ ಚೂರು ಪೆರಾಕ್ಸೈಡ್. ಅದಕ್ಕೆ ಮೂರು ದಿನ ಬೇಕು.

ಗದಗ ಮೇಡಂ | ಸಂಜೆ 5:30

ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. ನಮ್ಮಲ್ಲೂ ಬೇಸಿಗೆಯಲ್ಲಿ ನೀರಿಲ್ಲ. ಬಿಸಿಯೂಟಕ್ಕೆ ಮೊದಲು 90 ಮಕ್ಕಳ ಕೈ ತೊಳೆಸಬೇಕು. ನಾವು ಏನು ಮಾಡಿದೆವು ಹೇಳುತ್ತೇನೆ, ಮುಳಬಾಗಿಲಿನ ಅಣ್ಣನಿಗೆ ಉಪಯೋಗ ಆಗಬಹುದು.

ಐದು ಲೀಟರಿನ ಎಣ್ಣೆ ಕ್ಯಾನ್ ತೊಳೆದು, ಹಿಡಿಕೆಗೆ ಸ್ವಲ್ಪ ಕೆಳಗೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿದೆವು. ಬೇವಿನ ಮರದ ಕೊಂಬೆಗೆ ಹಗ್ಗ ಕಟ್ಟಿ ನೇತುಹಾಕಿದೆವು. ಕ್ಯಾನಿನ ಬಾಯಿಗೆ ಇನ್ನೊಂದು ದಾರ, ಆ ದಾರದ ತುದಿಗೆ ನೆಲದ ಹತ್ತಿರ ಒಂದು ಕೋಲು. ಕೋಲನ್ನು ಕಾಲಲ್ಲಿ ತುಳಿದರೆ ಕ್ಯಾನ್ ಬಾಗಿ ಸಣ್ಣಗೆ ನೀರು ಬರುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಕೈಯಿಂದ ನಲ್ಲಿ ಮುಟ್ಟುವ ಹಾಗೇ ಇಲ್ಲ. ಪಕ್ಕದಲ್ಲಿ ಹಳೇ ಕಾಲುಚೀಲದೊಳಗೆ ಸೋಪು ಹಾಕಿ ಕಟ್ಟಿದ್ದೇವೆ, ಕಾಗೆ ಎತ್ತಿಕೊಂಡು ಹೋಗಬಾರದು ಅಂತ. ಒಂದು ಮಗುವಿಗೆ ಅರ್ಧ ಲೋಟ ನೀರು ಸಾಕಾಗುತ್ತದೆ.

ನಡೆದು ಹೋಗುವವರಿಗೆ ಇದನ್ನೇ ಚಿಕ್ಕದು ಮಾಡಬಹುದು. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿ ಕಾಯಿಸಿ ನಾಲ್ಕು ತೂತು. ಒಳಗೆ ನೀರು. ಇನ್ನೊಂದು ಸಣ್ಣ ಡಬ್ಬಿಯಲ್ಲಿ ಸೋಪು ತುರಿದು ನೀರಲ್ಲಿ ನೆನೆಸಿಟ್ಟಿದ್ದು. ಎರಡು ಹನಿ ಸೋಪು ನೀರು, ಚೆನ್ನಾಗಿ ಉಜ್ಜುವುದು, ಬಾಟಲಿ ಹಿಂಡಿ ತೊಳೆಯುವುದು. ಒಂದು ಲೀಟರ್ ಬಾಟಲಿ ಎಂಟ್ಹತ್ತು ಸಲಕ್ಕೆ ಬರುತ್ತದೆ.

ಸೋಪಿನ ಪಕ್ಷ | ಸಂಜೆ 5:48

ನಾನು ಹೇಳಬೇಕೆಂದಿದ್ದು ಇದನ್ನೇ, ಮೇಡಂ ಚೆನ್ನಾಗಿ ಹೇಳಿದರು. ಈ ವೈರಸ್ ಮೇಲೆ ಜಿಡ್ಡಿನ ಪದರ ಇದೆ. ಎಣ್ಣೆ ಬಾಣಲೆಗೆ ಬರೀ ನೀರು ಹಾಕಿದರೆ ಹೋಗಲ್ಲ, ಸೋಪು ಹಾಕಿದರೆ ಬಿಡುತ್ತದೆ ಅಲ್ವಾ, ಹಾಗೇ. ಪದರ ಕಿತ್ತು ಹೋದರೆ ವೈರಸ್ ಸತ್ತಂತೆ. ಕೈ ಮಣ್ಣಾಗಿದ್ದರೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡಲ್ಲ, ಸೋಪು ಮಾಡುತ್ತದೆ. ಮುಳಬಾಗಿಲಿನವರೇ, ನಿನ್ನೆ ನೀರಿನ ವಿಷಯ ಗೊತ್ತಿಲ್ಲದೆ ಒರಟಾಗಿ ಬರೆದೆ. ಬೇಜಾರು ಮಾಡಿಕೊಳ್ಳಬೇಡಿ.

ಬೋರ್‌ವೆಲ್ ಬಾಬು | ಸಂಜೆ 6:10

ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು ಬಂದು ಎರಡು ವರ್ಷ ಆಗುತ್ತಾ ಬಂತು, ಇನ್ನೂ ನೀರಿಲ್ಲ ಅನ್ನುತ್ತೀರಲ್ಲ?

ಮುಳಬಾಗಿಲಿನವ | ಸಂಜೆ 6:25

ಅದು ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೆರೆಗೆ ಬಿಡುವುದು. ಅಂತರ್ಜಲ ಏರಲಿ ಅಂತ. ನೇರ ಕುಡಿಯಲು, ತೊಳೆಯಲು ಅಲ್ಲ. ನಮ್ಮೂರ ಕೆರೆಗೆ ಇನ್ನೂ ಬಂದೂ ಇಲ್ಲ.

ಬೋರ್‌ವೆಲ್ ಬಾಬು | ಸಂಜೆ 6:31

ಎರಡು ಹಂತ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಬೇಕು ಅಂತ ಎಷ್ಟು ಕೂಗಿದರೂ ಕೇಳುವವರಿಲ್ಲ.

ಆನೇಕಲ್ ಅಕ್ಕ | ಸಂಜೆ 6:40

ಕೆರೆ ವಿಷಯಕ್ಕೆ ಬೇರೆ ಮಾತು ಶುರು ಮಾಡಿ ಬಾಬು. ಇಲ್ಲಿ 12 ಹೆಣ್ಣುಮಕ್ಕಳು ಕಾಯುತ್ತಿದ್ದಾರೆ.

ಔಷಧಿ ಅಂಗಡಿಯವ | 21 ಮಾರ್ಚ್, ಸಂಜೆ 7:15

ಸುದ್ದಿ ನೋಡಿದಿರಾ? 13ಕ್ಕೆ ಸ್ಯಾನಿಟೈಸರ್, ಮಾಸ್ಕ್ ಎರಡನ್ನೂ ಅಗತ್ಯ ವಸ್ತು ಅಂತ ಮಾಡಿದ್ದರು. ಈಗ ಕೇಂದ್ರದವರು ಬೆಲೆಯನ್ನೂ ಕಟ್ಟಿದ್ದಾರೆ. 200 ಎಂ.ಎಲ್.ಗೆ 100 ರೂಪಾಯಿ ಮೀರುವ ಹಾಗಿಲ್ಲ, ಜೂನ್ 30ರವರೆಗೆ. ಬೇರೆ ಅಳತೆಯ ಬಾಟಲಿಗೂ ಅದೇ ಲೆಕ್ಕ.

ಮುಳಬಾಗಿಲಿನವ | ಸಂಜೆ 7:30

ಅಂದರೆ 50 ಎಂ.ಎಲ್.ಗೆ 25 ರೂಪಾಯಿ. ನನಗೆ ಹೇಳಿದ್ದು 180!

ಔಷಧಿ ಅಂಗಡಿಯವ | ಸಂಜೆ 7:34

ಬೆಲೆ ಕಟ್ಟಿದರು, ಮಾಲು ಬರಬೇಕಲ್ಲ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳು ಸ್ಪಿರಿಟ್ಟನ್ನು ಈ ಕಡೆ ತಿರುಗಿಸಿದರೆ ಒಂದೆರಡು ವಾರದಲ್ಲಿ ಸರಿಹೋಗಬಹುದು.

ಲ್ಯಾಬ್ ಮೇಷ್ಟ್ರು | 23 ಮಾರ್ಚ್, ಬೆಳಗ್ಗೆ 9:00

ಮುಳಬಾಗಿಲಿನವರೇ, ನೀವೇನೂ ಮಾಡಬೇಡಿ. ನಾವು ಮಾಡುತ್ತೇವೆ. ಪ್ರಿನ್ಸಿಪಾಲರ ಹತ್ತಿರ ಮಾತಾಡಿದೆ. ನಮ್ಮ ಸ್ಟೋರಿನಲ್ಲಿ ಸೀಲ್ ಒಡೆಯದ ಐಪಿಎ ಆರು ಲೀಟರ್ ಇದೆ. ಎಸ್.ಪಿ. ರೋಡಿನವರು ಫೋಟೋ ಹಾಕಿದ್ದ ಎರಡು ಲೀಟರ್ ಕೂಡ ಒಳ್ಳೆಯದೇ, ನಿನ್ನೆಯ ಕರ್ಫ್ಯೂ ಮುಗಿದ ಮೇಲೆ ರಾತ್ರಿಯೇ ತಂದು ಕೊಟ್ಟರು. ಎಲ್ಲ ಸೇರಿ ಹತ್ತು ಲೀಟರ್ ಆಗುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಹೇಳಿ ಅವರ ಮೂಲಕವೇ ಕೊಡುತ್ತೇವೆ. ಇವತ್ತು ಬೆರೆಸಿದರೆ 26ಕ್ಕೆ ಸಿದ್ಧ.

ಮುಳಬಾಗಿಲಿನವ | ಬೆಳಗ್ಗೆ 9:06

ಮೇಷ್ಟ್ರೇ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇವಳಿಗೆ ಓದಿ ಹೇಳಿದೆ, ಕಣ್ಣು ತುಂಬಿಕೊಂಡಳು. ಗದಗದ ಮೇಡಂ ಹೇಳಿದ ಬಾಟಲಿ ಶುಕ್ರವಾರದಿಂದಲೇ ಶುರು ಮಾಡಿದ್ದಾರೆ. 12 ಮುಚ್ಚಳಕ್ಕೂ ನಾನೇ ತೂತು ಮಾಡಿದೆ.

ಬರ್ನ್ಸ್ ವಾರ್ಡ್ ಸಿಸ್ಟರ್ | 31 ಮಾರ್ಚ್, ರಾತ್ರಿ 8:20

ಮಾಡಿದ್ದು ಸರಿ, ಇಡುವುದು ಹೇಗೆ ಅಂತ ಯಾರೂ ಹೇಳಿಲ್ಲ. ಹರಿಯಾಣದ ರೇವಾರಿಯಲ್ಲಿ ಒಬ್ಬರು ಅಡುಗೆಮನೆಯಲ್ಲಿ ಸ್ಯಾನಿಟೈಸರ್ ಹಿಡಿದು ವಸ್ತು ಒರೆಸುತ್ತಿದ್ದರು. ಮೈಮೇಲೆ ಚೆಲ್ಲಿತು, ಪಕ್ಕದಲ್ಲಿ ಗ್ಯಾಸ್ ಉರಿಯುತ್ತಿತ್ತು. ಮೈ ಸುಟ್ಟು ದೆಹಲಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಆಲ್ಕೋಹಾಲಿನ ಉರಿ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಒಲೆ, ದೇವರ ದೀಪ, ಊದುಬತ್ತಿ, ಬೀಡಿ ಯಾವುದರ ಹತ್ತಿರವೂ ಬೇಡ. ಹಚ್ಚಿಕೊಂಡ ಮೇಲೆ ಕೈ ಪೂರ್ತಿ ಒಣಗಲಿ, ಆಮೇಲೆ ಒಲೆ ಹಚ್ಚಿ. ಮನೆಗೆ ಬಂದ ಮೇಲೆ ಇದು ಬೇಕಾಗಿಯೂ ಇಲ್ಲ, ಸೋಪು ಹಾಕಿ ತೊಳೆಯಿರಿ.

ಇನ್ನೂ ಒಂದು. ಬ್ಲೀಚಿಂಗ್ ಪೌಡರ್ ನೀರನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಎರಡು ಸೇರಿಸಿದರೆ ಜಾಸ್ತಿ ಶುದ್ಧ ಅಂತ ತುಂಬಾ ಜನ ಹೀಗೆ ಮಾಡುತ್ತಿದ್ದಾರೆ.

ಮುಳಬಾಗಿಲಿನವ | 11 ಏಪ್ರಿಲ್, ರಾತ್ರಿ 9:15

ಎಲ್ಲರಿಗೂ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಹತ್ತು ಲೀಟರ್ ಬಂತು. ಒಬ್ಬೊಬ್ಬರಿಗೆ ಅರ್ಧ ಲೀಟರ್ ಕೊಟ್ಟು, ಉಳಿದ ನಾಲ್ಕು ಲೀಟರ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಟ್ಟಿದ್ದಾರೆ. ಕಣ್ಣಿಗೆ ಕಾಣುವ ಕೊಳೆ ಇದ್ದರೆ ಸೋಪು ಬಾಟಲಿ, ಇಲ್ಲದಿದ್ದರೆ ಇದು, ಹಾಗೆ ನಡೆಸುತ್ತಿದ್ದಾರೆ. ಈಗ ಮೆಡಿಕಲ್‌ನಲ್ಲೂ ಸ್ವಲ್ಪ ಸ್ವಲ್ಪ ಸಿಗುತ್ತಿದೆ.

ಒಂದೇ ತೊಂದರೆ. ಇವಳ ಬೆರಳ ಗೆಣ್ಣಿನ ಹತ್ತಿರ ಚರ್ಮ ಬಿರಿದು ರಕ್ತ ಬರುತ್ತಿದೆ. ಸ್ಯಾನಿಟೈಸರ್ ಹಾಕಿದರೆ ಉರಿ ಅನ್ನುತ್ತಾಳೆ. ಗ್ಲಿಸರಿನ್ ಜಾಸ್ತಿ ಹಾಕಬಹುದಾ?

ಬರ್ನ್ಸ್ ವಾರ್ಡ್ ಸಿಸ್ಟರ್ | ರಾತ್ರಿ 9:40

ಬಾಟಲಿಗೆ ಏನೂ ಹಾಕಬೇಡಿ, ಅಳತೆ ಕೆಡುತ್ತದೆ. ರಾತ್ರಿ ಮಲಗುವಾಗ ಕೈಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ದಪ್ಪಗೆ ಹಚ್ಚಿ, ಮೇಲೆ ಹಳೇ ಹತ್ತಿ ಬಟ್ಟೆ ಸುತ್ತಿ. ಬಿರುಕು ಇರುವಷ್ಟು ದಿನ ಸೋಪು ನೀರೇ ಜಾಸ್ತಿ ಬಳಸಲಿ. ನಾಲ್ಕೈದು ದಿನದಲ್ಲಿ ಮಾಯದಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ.

ಆನೇಕಲ್ ಅಕ್ಕ | 1 ಆಗಸ್ಟ್ 2020, ಬೆಳಗ್ಗೆ 7:50

ಹಳೇ ಮಾತು ಮತ್ತೆ ತೆಗೆಯುತ್ತಿದ್ದೇನೆ. ಆಂಧ್ರದ ಪ್ರಕಾಶಂ ಜಿಲ್ಲೆ ಕುರಿಚೇಡು ಸುದ್ದಿ ನೋಡಿದೆ. ಮದ್ಯದಂಗಡಿ ಮುಚ್ಚಿದ್ದರು ಅಂತ ಸ್ಯಾನಿಟೈಸರ್ ಕುಡಿದು ಹತ್ತು ಜನ ಸತ್ತಿದ್ದಾರೆ. ಮುಳಬಾಗಿಲಿನ ತಮ್ಮಾ, ನಿಮ್ಮ ಬಾಟಲಿಗಳ ಮೇಲೆ ಏನಾದರೂ ಬರೆದಿದ್ದೀರಾ? ನೀರಿನ ಬಾಟಲಿಯ ಹಾಗೇ ಕಾಣುತ್ತದೆ, ಮಕ್ಕಳಿರುವ ಮನೆ.

ಮುಳಬಾಗಿಲಿನವ | ಬೆಳಗ್ಗೆ 8:20

ಮೊದಲು ಮಾರ್ಕರ್ ಪೆನ್ನಿನಲ್ಲಿ "ಕುಡಿಯಬಾರದು" ಅಂತ ಬರೆದಿದ್ದೆವು ಅಕ್ಕ. ಎರಡೇ ದಿನಕ್ಕೆ ಅಳಿಸಿಹೋಯಿತು. ಸ್ಯಾನಿಟೈಸರ್ ತಾಗಿದರೆ ಆ ಶಾಯಿ ಕರಗಿಬಿಡುತ್ತದೆ. ಈಗ ಕಾಗದದಲ್ಲಿ ಬರೆದು, ಮೇಲೆ ಅಗಲದ ಟೇಪು ಸುತ್ತಿದ್ದೇವೆ. ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದೇವೆ, ಓದಲು ಬಾರದವರಿಗೂ ಗೊತ್ತಾಗಲಿ ಅಂತ. ಆ ಪಾಲಿಶ್ ಕ್ಯಾನಿಗೂ ಭಾವ ಬೀಗ ಹಾಕಿದ್ದಾರೆ.